ಅಳತೆ ಕೊಡುವಾಗ ಆಡಿದ ಮಾತು

ಅಂಗಡಿಯ ಹಿಂಬದಿ ಕೋಣೆಯಿಂದ,
ಮಂಗಳವಾರ ಮಧ್ಯಾಹ್ನ

ನನ್ನ ಮುದ್ದಿನ ಸೊಸೆಗೆ,

ಹೇಗಿದ್ದೀಯಮ್ಮಾ? ಬೀಗಿತ್ತಿಯ ಕಾಲಿನ ಪ್ಲಾಸ್ಟರ್ ತೆಗೆದರಾ? ಗೋಡೆ ಹಿಡಿದಾದರೂ ನಾಲ್ಕು ಹೆಜ್ಜೆ ಹಾಕುತ್ತಾರಾ? ಅವರ ಆರೈಕೆಯಲ್ಲಿ ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುವುದನ್ನು ಬಿಡಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ನನ್ನ ಮಂಡಿ ನೋವು ಇದ್ದ ಹಾಗೇ ಇದೆ. ಮುದುಕಿ ಕಾಗದ ಯಾಕೆ ಬರೆದಳು ಎನ್ನಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಗಂಡ ಕಿವಿ ನಿಮಿರಿಸಿಕೊಂಡು ಪಕ್ಕದಲ್ಲೇ ನಿಂತಿರುತ್ತಾನೆ.

ಸುದ್ದಿ ಏನಪ್ಪಾ ಅಂದರೆ, ನಮ್ಮ ಟೈಲರ್ ಅಂಗಡಿಯಲ್ಲಿ ಈಗ ಹೊಲಿಗೆಗಿಂತ ಭಾಷಣವೇ ಜಾಸ್ತಿ. ಸಿಮೆಂಟ್ ಸಾಹುಕಾರ, ಕೋರ್ಟಿನ ಮೆಟ್ಟಿಲು ಹತ್ತದ ಆ ವಕೀಲ, ನಿನ್ನ ಗಂಡ, ಎಲ್ಲ ಸೇರಿ ಹೊಸ ಪಕ್ಷ ಕಟ್ಟುತ್ತಿದ್ದಾರೆ. 'ನಮ್ಮ ಸೀಮೆ ಪಕ್ಷ' ಅಂತೆ. ಇಲ್ಲಿನ ಕೆಲಸ, ಜಾಗ ಎಲ್ಲ ಇಲ್ಲಿ ಹುಟ್ಟಿದವರಿಗೇ ಅಂತೆ. ಹೊಳೆಯಾಚೆಯಿಂದ ಬಂದವರು ಗಂಟುಮೂಟೆ ಕಟ್ಟಬೇಕಂತೆ. ಅಂಗಡಿ ಬಾಗಿಲು ತೆಗೆಯುವುದಕ್ಕೇ ಆಕಳಿಸುತ್ತಿದ್ದ ನಿನ್ನ ಗಂಡ ಈಗ ಶಿಸ್ತು, ಹಿರಿಯರ ದಾರಿ ಅಂತ ನನಗೇ ಪಾಠ ಹೇಳುತ್ತಾನೆ, ನೋಡು! ಇವನನ್ನು ಕಾರ್ಯದರ್ಶಿ ಮಾಡುತ್ತಾರಂತೆ. ಒಬ್ಬರಿಗೂ ಬಿಟ್ಟಿ ಕಾಫಿ ಕುಡಿಸದ ಸಾಹುಕಾರನಿಗೆ ಇವನ ಮೇಲೆ ಯಾಕಿಷ್ಟು ಪ್ರೀತಿ ಉಕ್ಕಿತು? ಮಾರುಕಟ್ಟೆ ಮೂಲೆಯ ನಮ್ಮ ಅಂಗಡಿ ಪಕ್ಷದ ಕಚೇರಿಗೆ ಬೇಕು, ಅಷ್ಟೇ.

ನನಗೆ ಅನುಮಾನ ಬಂದದ್ದು ನಿನ್ನ ಮಷೀನ್ ನೋಡಿ. ಕಿಟಕಿ ಹತ್ತಿರ ಇದ್ದದ್ದನ್ನು ಒಳಗೆ ತಳ್ಳಿ ಹಳೇ ದುಪ್ಪಟಿ ಹೊದಿಸಿದ್ದಾನೆ. ಕೇಳಿದರೆ "ಧೂಳು ಕೂರುತ್ತಲ್ಲಮ್ಮಾ" ಅಂದ. ನೀನು ಎಲ್ಲಾದರೂ ಹೋದರೆ ಮರುದಿನವೇ "ನನ್ನ ಅಂಗಿ ಎಲ್ಲಿಟ್ಟೆ" ಅಂತ ಫೋನ್ ಮಾಡುತ್ತಿದ್ದವನು, ಈಗ "ಅವಸರ ಬೇಡ, ನಿಮ್ಮಮ್ಮನ್ನ ನೋಡ್ಕೋ" ಅನ್ನುತ್ತಾನೆ. ಇದ್ಯಾವ ಸೀಮೆ ಕಾಳಜಿ?

ಕಚೇರಿ ಉದ್ಘಾಟನೆಗೆ ಎಲ್ಲರಿಗೂ ಒಂದೇ ಬಣ್ಣದ ತೋಳಿಲ್ಲದ ಕೋಟು. ಅಳತೆ ತೆಗೆದವಳು ನಾನೇ. ಕೈ ಎತ್ತಿ ನಿಂತ ಗಂಡಸರು ಟೇಪು ಹಿಡಿದವಳಿಗೂ ಕಿವಿ ಇದೆ ಅನ್ನುವುದನ್ನೇ ಮರೆತುಬಿಡುತ್ತಾರೆ, ನೀನೂ ನೋಡಿದ್ದೀಯಲ್ಲ. ಅವರು ಆಡಿದ್ದನ್ನು ಬರೆಯಲೋ ಬೇಡವೋ ತಿಳಿಯುತ್ತಿಲ್ಲ. ನೀನಿಲ್ಲದ ಮನೆ ಬಿಕೋ ಅನ್ನುತ್ತದೆ ಕಣೇ.

ಬೀಗಿತ್ತಿಗೆ ನನ್ನ ನಮಸ್ಕಾರ ಹೇಳು. ನೀನು ಎಲ್ಲಿದ್ದರೂ ತಲೆ ಎತ್ತಿಕೊಂಡು ಬಾಳು, ತಾಯಿ.

ನಿನ್ನ ಅತ್ತೆ

ತಾ.ಕ.: ಬಸ್ಸಿನ ಕಂಡಕ್ಟರ್ ಕಾಗದಕ್ಕೆ ಕಾಯುತ್ತಿದ್ದಾನೆ, ಬರೆದೇಬಿಡುತ್ತೇನೆ. ಎದೆಯ ಅಳತೆ ಕೊಡುತ್ತಾ ಸಾಹುಕಾರ ಕೇಳಿದ, "ಅಲ್ಲಯ್ಯಾ, ನಿನ್ನ ಮನೇಲೇ ಹೊಳೆಯಾಚೆಯವಳು ಇದಾಳಲ್ಲ, ಜನ ನಗಲ್ವಾ?" ನನ್ನ ಮಗ ಅಂದ, "ಅವಳು ಹೋಗಿದಾಳೆ. ಇನ್ನು ಬರಲ್ಲ." ಈ ಅಂಗಡಿಯನ್ನು ನಿನ್ನ ಮಾವ ನನ್ನ ಹೆಸರಿಗೆ ಮಾಡಿದ್ದು ಅವನಿಗೆ ಮರೆತುಹೋಗಿದೆ. ಅದರ ಬೀಗದ ಕೈ ಈ ಕಾಗದದೊಳಗೇ ಇಟ್ಟಿದ್ದೇನೆ. ಗುರುವಾರ ಇಲ್ಲೇ ಉದ್ಘಾಟನೆ. ಮೊದಲ ಬಸ್ಸಿಗೆ ಬಂದು ಬಾಗಿಲು ತೆಗೆದು ನಿನ್ನ ಜಾಗದಲ್ಲಿ ಕೂತುಕೋ, ಮಷೀನನ್ನು ಕಿಟಕಿಯ ಹತ್ತಿರ ನಾನು ಎಳೆದಿಟ್ಟಿರುತ್ತೇನೆ. ಅವನ ಕೋಟಿಗೆ ಇನ್ನೂ ಗುಂಡಿ ಹಚ್ಚಿಲ್ಲ. ಬೇಕಿದ್ದರೆ ನಿನ್ನನ್ನೇ ಬಂದು ಕೇಳಲಿ.