ಹೆಸರಷ್ಟೇ ಬದಲಿಸಿದ ಅಂಕಣ

೧೪ ಮಾರ್ಚ್, ಗುರುವಾರ

ಇನ್ನೂ ಮೈ ಉರಿಯುತ್ತಿದೆ. ನೆರೆದೇಶಕ್ಕೆ ನಮ್ಮ ಬಂದರನ್ನು ಬಿಟ್ಟುಕೊಡುವ ಒಪ್ಪಂದವನ್ನು ಹೋದ ವರ್ಷ ಹಿಂದಿನ ಸರ್ಕಾರ ಮುಂದಿಟ್ಟಾಗ, ನಮ್ಮ ಪಕ್ಷದ ಪತ್ರಿಕೆಯಲ್ಲಿ ಅದನ್ನು ಶರಣಾಗತಿ ಎಂದು ಬರೆದವನು ನಾನು. ಸಂಪಾದಕರು ಬೆನ್ನು ತಟ್ಟಿದ್ದರು. ಇವತ್ತು, ಅಧಿಕಾರಕ್ಕೆ ಬಂದ ನಮ್ಮವರೇ ಅದಕ್ಕೆ ಸಹಿ ಹಾಕಿದರು, ಒಂದು ಸಾಲನ್ನೂ ತಿದ್ದದೆ. ನಾನೂ ಹಳೆಯ ಅಂಕಣವನ್ನೇ ಪ್ರಧಾನಿಯ ಹೆಸರಷ್ಟೇ ಬದಲಿಸಿ ಕಳಿಸಿದೆ.

“ತಲೆ ಕೆಟ್ಟಿದೆಯೇನ್ರೀ ನಿಮಗೆ? ಇದು ರಾಜತಾಂತ್ರಿಕ ಗೆಲುವು,” ಎಂದು ಸಂಪಾದಕರು ಫೋನಿನಲ್ಲಿ ರೇಗಿದರು.

“ಬಂದರು ಅದೇ ಅಲ್ವಾ ಸಾರ್?” ಎಂದೆ.

ನಾಳೆ ನನ್ನ ಅಂಕಣದ ಜಾಗದಲ್ಲಿ ಹಾಸಿಗೆಯ ಜಾಹೀರಾತಂತೆ.

ದೇಶ ಮೊದಲು, ಪಕ್ಷ ಆಮೇಲೆ ಎಂದು ನನಗೆ ಕಲಿಸಿದ್ದೇ ಈ ಪಕ್ಷ.

“ಹಾಗಾದ್ರೆ ಪಕ್ಷ ಬಿಟ್ರಾ?” ಎಂದು ಹೆಂಡತಿ ಕೇಳಿದಳು. ನಾನೆಲ್ಲಿ ಬಿಟ್ಟೆ? ನಿಂತಲ್ಲೇ ನಿಂತಿದ್ದೇನೆ. ಎದ್ದು ಹೋದವರು ಪಕ್ಷದವರು.