ಗಿಡದ ಕತ್ತರಿ

ಭಾನುವಾರ, ಮಧ್ಯಾಹ್ನ

ನನ್ನ ಮಗಳ ಅಪ್ಪನಿಗೆ,

ಬೇರೇನೆಂದು ಕರೆಯಬೇಕೋ ತಿಳಿಯಲಿಲ್ಲ. ಫೋನ್ ಮಾಡಿದರೆ ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಈ ಪತ್ರ.

ನಿಮ್ಮ ಪಾರ್ಸೆಲ್ ನಿನ್ನೆ ಇಲ್ಲಿಗೆ ಬಂತು. ನಾನು ಹೊಲಿಗೆ ಮೆಷಿನ್ ಮುಂದೆ ಕೂತಿದ್ದೆ. ಬೀದಿಗೆ ಹೊಸದಾಗಿ ಬಂದಿರುವ ಟೀಚರ್ ಅಂಗಿಗೆ ಅಳತೆ ಕೊಡಲು ನಿಂತಿದ್ದರು. ತಲುಪಬೇಕಾದ ಜಾಗದಲ್ಲಿ ಬರೀ ಈ ಮನೆಯ ವಿಳಾಸ, ಕಳಿಸಿದವರ ಜಾಗದಲ್ಲಿ ನಿಮ್ಮ ಹೆಸರು; ಅಳತೆ ಟೇಪು ಅಲ್ಲೇ ಬಿಟ್ಟೆ, ಸುಳ್ಳು ಹೇಳುವುದಿಲ್ಲ. ಬಿಚ್ಚಿದೆ. ಗಿಡ ಕತ್ತರಿಸುವ ಕತ್ತರಿ, ಮರದ ಹಿಡಿಯದು. ಮಂಡಿಯೂರಿ ಕೆಲಸ ಮಾಡಲು ದಪ್ಪ ಮೆತ್ತೆ. ಹೊಟ್ಟಿನಲ್ಲಿ ಮುಚ್ಚಿಟ್ಟ ಹೂವಿನ ಗೆಡ್ಡೆಗಳು. ಒಂದು ಚೀಟಿ, ನಿಮ್ಮ ಕೋಳಿಕಾಲಿನ ಅಕ್ಷರದಲ್ಲಿ: "ನಿನ್ನ ತೋಟ ನಗುತ್ತಿರಲಿ. ಮಂಡಿ ಜೋಪಾನ."

"ಎಷ್ಟು ಯೋಚನೆ ಮಾಡಿ ಆರಿಸಿದಾರೆ! ನಿಮ್ಮ ಯಜಮಾನ್ರಾ?" ಎಂದರು ಟೀಚರ್. ನಾನು ಹೂಂ ಎಂದೆ. ನಕ್ಕೆ ಕೂಡ. ನೀವು ಮನೆ ಬಿಟ್ಟ ಮೇಲೆ ಆ ಮಾತಿಗೆ ಹೂಂ ಎಂದದ್ದು ಅದೇ ಮೊದಲು.

ಅವರು ಹೋದದ್ದೇ ಮಗಳಿಗೆ ಫೋನ್ ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅಮ್ಮಾ, ಅದು ನಿಂಗಲ್ಲ. ನಾಳೆ ಆಂಟಿ ಹುಟ್ಟಿದ ದಿನ. ಅಂಗಡಿಯವ್ರೇ ಮನೆಗೆ ತಲುಪಿಸ್ತೀವಿ ಅಂದಿದ್ರು, ಅಪ್ಪ ಅಭ್ಯಾಸಬಲಕ್ಕೆ ನಮ್ಮನೆ ವಿಳಾಸಾನೇ ಬರ್ಕೊಟ್ಟಿರ್ಬೇಕು" ಎಂದಳು. ನಿಮ್ಮ ಜೊತೆಗಿರುವಾಕೆಯನ್ನು ಅವಳು ಆಂಟಿ ಎನ್ನುತ್ತಾಳೆಂದು ನನಗೆ ಗೊತ್ತಾದದ್ದೇ ಆಗ. ನಿಮ್ಮ ಜೊತೆ ಮಗಳೂ ಅಂಗಡಿ ಸುತ್ತಿದ್ದಳಂತೆ. ಒಂದೊಂದೇ ಕತ್ತರಿಯನ್ನು ಕೈಯಲ್ಲಿ ತೂಗಿ ನೋಡಿದಿರಂತೆ, ಆಕೆಗೆ ಭಾರವಾಗಬಾರದೆಂದು.

ಕೇಳಿ. ಸಂಸಾರ ಮಾಡಿದಷ್ಟು ಕಾಲ ನೀವು ನನಗೆ ಕೊಟ್ಟದ್ದು ಕುಕ್ಕರ್, ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ. ಹಿತ್ತಲಲ್ಲಿ ಗುಲಾಬಿ ಎರ್ರಾಬಿರ್ರಿ ಬೆಳೆದ ವರ್ಷ ಬಾಯಿಬಿಟ್ಟು ಕೇಳಿದೆ, ಗಿಡಕ್ಕೊಂದು ಕತ್ತರಿ ತನ್ನಿ ಎಂದು. "ಮನೆ ತುಂಬಾ ಕತ್ತರಿ ಇಟ್ಕೊಂಡಿದೀಯ, ಇನ್ನೊಂದು ಯಾಕೆ?" ಎಂದಿರಿ. ಬಟ್ಟೆ ಕತ್ತರಿಯಲ್ಲಿ ಕಡ್ಡಿ ಕತ್ತರಿಸಿದರೆ ಅದರ ಬಾಯಿ ಹೋಗುತ್ತದೆ. ಅದು ನನ್ನ ಅನ್ನ. ತರಕಾರಿ ಚಾಕುವಿನಲ್ಲೇ ಕುಯ್ದೆ, ಬೆರಳನ್ನೂ ಕುಯ್ದುಕೊಂಡೆ. ನನ್ನ ಸಸಿಗಳ ಮೇಲೆ ಸ್ಕೂಟರ್ ನಿಲ್ಲಿಸಿ "ಗಿಡ ತಾನೆ, ಮತ್ತೆ ಬರುತ್ತೆ ಬಿಡು" ಎಂದವರು ನೀವು.

ಆಗೆಲ್ಲ ನಾನು ಅಂದುಕೊಳ್ಳುತ್ತಿದ್ದೆ, ಪಾಪ, ಈ ಮನುಷ್ಯನಿಗೆ ಇಂಥದ್ದು ತಿಳಿಯುವುದಿಲ್ಲ, ಹುಟ್ಟಿದ್ದೇ ಹಾಗೆ ಎಂದು. ಆ ಒಂದು ನಂಬಿಕೆಯ ಮೇಲೆ ನಿಮ್ಮನ್ನು ಕ್ಷಮಿಸಿಕೊಂಡು ಬಂದೆ. ಈಗ ನೋಡಿದರೆ ನಿಮಗೆ ತಿಳಿಯುತ್ತಿತ್ತು! ಮಣ್ಣಲ್ಲಿ ಕೂತರೆ ಮಂಡಿ ನೋಯುತ್ತದೆ ಎಂಬುದೂ ತಿಳಿಯುತ್ತಿತ್ತು! ನೀವು ಬಿಟ್ಟು ಹೋದದ್ದಕ್ಕಿಂತ ಇದಕ್ಕೆ ನನ್ನ ಹೊಟ್ಟೆ ಉರಿಯುತ್ತಿದೆ.

ಪಾರ್ಸೆಲ್ ವಾಪಸು ಕಟ್ಟಿದ್ದೇನೆ. ಹುಟ್ಟಿದ ದಿನ ಇವತ್ತೇ, ಇದು ತಲುಪುವಷ್ಟರಲ್ಲಿ ಮುಗಿದಿರುತ್ತದೆ. ತಡವಾದದ್ದಕ್ಕೆ ಏನು ಕಥೆ ಕಟ್ಟುತ್ತೀರೋ ಕಟ್ಟಿ, ಅದರಲ್ಲಿ ನಿಮ್ಮ ಕೈ ಪಳಗಿದೆ. ಗೆಡ್ಡೆಗಳು ಮೊಳಕೆ ಒಡೆದಿವೆ. ಅವುಗಳ ಮೇಲೆ ನನಗೆ ಸಿಟ್ಟಿಲ್ಲ, ಬೇಗ ನೆಡಲು ಆಕೆಗೆ ಹೇಳಿ. ಸ್ಕೂಟರ್ ದೂರ ನಿಲ್ಲಿಸಿ.

ಇನ್ನು ಮುಂದೆ ವಿಳಾಸ ಬರೆಯುವಾಗ ಮೈಮೇಲೆ ಎಚ್ಚರವಿರಲಿ.

ನಿಮ್ಮ ಮಗಳ ಅಮ್ಮ

ತಾ.ಕ.: ಪಾರ್ಸೆಲ್‌ನಲ್ಲಿ ಒಂದು ಜೊತೆ ಚರ್ಮದ ಕೈಗವಸೂ ಇತ್ತು. ಅದನ್ನು ಕಳಿಸುತ್ತಿಲ್ಲ. ಸುಮ್ಮನೆ ಹಾಕಿ ನೋಡಿದೆ. ಯಾವ ಅಂಗಡಿಯದೂ ಹೊಂದದ ನನ್ನ ಈ ಉದ್ದ ಬೆರಳುಗಳಿಗೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ಮಗಳನ್ನು ಕೇಳಿದೆ, ಆಕೆಯದು ಪುಟ್ಟ ಕೈಯಂತೆ. ಆಕೆಗೆ ಬೇರೆ ಕೊಡಿಸಿ. ಆಕೆಯ ಕೈ ನೋಡಿ ಕೊಡಿಸಿ.