ಪೆನ್ಸಿಲಿನಲ್ಲಿ ಉಳಿದ ಪದ

ತ್ಯಾರ್ಕ್,

ನೀನು ಸತ್ತು ಎರಡು ವರ್ಷವಾದ ಮೇಲೆ ನಿನ್ನ ಪದವೊಂದನ್ನು ಒಬ್ಬರು ಕೇಳಿದರು. ಭಾನುವಾರ ಬ್ರೆಮೆನ್‌ನಲ್ಲಿ ಹವ್ಯಾಸಕ್ಕೆ ಹೊಸ ಭಾಷೆ ಕಟ್ಟುವವರ ಕೂಟವಿತ್ತು. ಫೆಂಕೆ ಎಂಬ ಹುಡುಗಿ ಹಳೇ ಜರ್ಮ್ಯಾನಿಕ್ ಧಾತುಗಳಿಂದ ನಾವಿಬ್ಬರು ಕಟ್ಟಿದ ವೆಸ್ರಿಸ್ಕ್ ಭಾಷೆಯ ನಿಘಂಟು ತಿರುವುತ್ತಿದ್ದಳು.

"ಮೇಡಂ, ಎಲ್ಲಾ ಶಾಯೀಲಿದೆ. 'ಲೌಮ' ಒಂದೇ ಯಾಕೆ ಪೆನ್ಸಿಲಲ್ಲಿದೆ?"

ನೀನು ಪೆನ್ಸಿಲಿನಲ್ಲಿ ಬರೆದದ್ದರಲ್ಲಿ ಇಬ್ಬರೂ ಒಪ್ಪಿದ ಪದವನ್ನು ಮಾತ್ರ ಮೇಲಿಂದ ಶಾಯಿಯಲ್ಲಿ ತಿದ್ದಿ, ಪೆನ್ಸಿಲ್ ಗೆರೆ ಅಳಿಸುತ್ತಿದ್ದೆವು ಎಂದೆ. ಒಪ್ಪದವಳು ನಾನೇ ಎಂದು ಹೇಳಲಿಲ್ಲ.

ಎದ್ದುಹೋದವರ ಬಿಸಿ ಇನ್ನೂ ಆರದಿರುವಂಥದ್ದು, ಅದು 'ಲೌಮ'ಕ್ಕೆ ನೀನು ಕೊಟ್ಟ ಅರ್ಥ. "ಇದಕ್ಕೆ ಹಳೇ ಜರ್ಮ್ಯಾನಿಕ್ ಧಾತು ಎಲ್ಲಿದೆಯೋ?" ಎಂದು ನಾನು ರೇಗಿದ್ದೆ.

"ಟ್ರಾಮ್ ಡ್ರೈವರ್ ಸೀಟಲ್ಲಿದೆ ಕಣೆ. ನಮ್ಮ ಪಾಳಿ ಬದಲಾದಾಗ ಬಂದು ಕೂತ್ಕೋ, ನಿನ್ನ ಅಂಡಿಗೇ ಗೊತ್ತಾಗುತ್ತೆ."

ವೆಸ್ರಿಸ್ಕ್‌ನ ಬೇರೆ ಗುಣವಾಚಕಗಳು ನಾಮಪದದ ಮುಂದೆ ನಿಂತು, ಅದರ ಲಿಂಗ ವಚನಕ್ಕೆ ತಕ್ಕಂತೆ ರೂಪ ಬದಲಿಸುತ್ತವೆ. ಇದು ಮಾತ್ರ ಬದಲಾಗದೆ, ಎದ್ದುಹೋದವರ ಬಿಸಿಯಂತೆ, ಹಿಂದೆಯೇ ಉಳಿಯಬೇಕೆಂದು ನೀನು ಹಟ ಹಿಡಿದೆ. "ಟ್ರಾಮ್ ಓಡಿಸೋನಿಗೆ ವ್ಯಾಕರಣ ಯಾಕೆ?" ಎಂದು ನಾನು ಅಂದುಬಿಟ್ಟೆ. ನಿಘಂಟನ್ನು ನನ್ನ ಮೇಜಿನ ಮೇಲಿಟ್ಟು ಹೋದವನು ನೀನು ಮತ್ತೆ ಬರಲಿಲ್ಲ.

"ಇದನ್ನ ಬಳಸಬಹುದಾ?" ಎಂದಳು ಫೆಂಕೆ.

"ಬಳಸಮ್ಮ."

ಮನೆಗೆ ಬಂದವಳೇ ಅದನ್ನು ಶಾಯಿಯಲ್ಲಿ ತಿದ್ದಿದೆ. ನನ್ನ ಅಕ್ಷರ ದುಂಡಗಿದೆಯೆಂದು ಮೊದಲಿನಿಂದಲೂ ಆ ಕೆಲಸ ನನ್ನದೇ ಅಲ್ಲವೇ. ಶಾಯಿ ಒಣಗಿತು. ರಬ್ಬರ್ ಎತ್ತಿಕೊಂಡೆ. ಆಗ ಹೊಳೆಯಿತು, ಎರಡು ಸಾವಿರ ಪದಗಳ ಕೆಳಗಿನಿಂದ ನಿನ್ನ ಕೈಬರಹವನ್ನು ನಾನೇ ಒಂದೊಂದಾಗಿ ಅಳಿಸಿದ್ದೇನೆ. ಇದೊಂದು ಉಳಿದಿದೆ.

ರಬ್ಬರನ್ನು ಡ್ರಾಯರಿಗೆ ಹಾಕಿದೆ.

ವೀಬ್ಕೆ